ಬಚ್ಚಲ ಒಲೆಯ ಮೇಲಿನ ಸರೇಸು

ಮಗ್ಗಕ್ಕೆ ಏರುವ ಹಾಸುನೂಲಿನ ಗಂಜಿಗೆ ದನಕುರಿಗಳ ಕೊಬ್ಬು, ಅಂದರೆ ಚರಬಿ, ಬೀಳುತ್ತದೆ. ಇಲ್ಲದಿದ್ದರೆ ಯಂತ್ರದ ಹೊಡೆತಕ್ಕೆ ನೂಲು ತಾಳುವುದಿಲ್ಲ. ಇಚಲಕರಂಜಿಯಲ್ಲಿ ಸೀರೆ ಮಾರುವವರಿಗೂ ಉಡುವವರಿಗೂ ಇದು ಗೊತ್ತಿರಬೇಕು. ಗೊತ್ತಿಲ್ಲ ಎನ್ನುವವರು ಮುಂದೆ ಓದಲಿ.

ದತ್ತವಾಡದ ರಾಜಮತಿಗೆ ಹದಿನೇಳು ವರ್ಷ. ತಂದೆ ತೀರಿದ ಮೇಲೆ ಸಾಕಿದವನು ಕಾಕಾ ಬಾಳಗೊಂಡ. ಇಚಲಕರಂಜಿಯ ಮಗ್ಗಗಳ, ಸೀರೆ ಅಂಗಡಿಯ ಮಾಲಕ. ಹುಡುಗಿ ಹಾಕುವ ರಂಗೋಲಿ ನೋಡಿ ಅವನಿಗೆ ಆಸೆ ಹುಟ್ಟಿತು. "ಮನ್ಯಾಗ ಒಬ್ಬಾಕಿ ಕಲತ್ರ, ಸೀರಿ ಅಂಚಿನ ನಕ್ಷಾಕ್ಕ ಮಂದಿ ಕಾಲ ಹಿಡಿಯೂದು ತಪ್ಪತೈತಿ" ಎಂದು ೧೯೩೮ರ ಮಳೆಗಾಲದಲ್ಲಿ ಕೊಲ್ಹಾಪುರದ ಒಂದು ಚಿತ್ರಶಾಲೆಗೆ ಸೇರಿಸಿದ. ಅಲ್ಲೇ ಇದ್ದ ತನ್ನ ಅಕ್ಕ ಮಾಣಿಕಬಾಯಿಯ ಮನೆಯಲ್ಲಿ ಇರಿಸಿದ.

ಶಾಲೆಯಲ್ಲಿ ಅವಳೊಬ್ಬಳೇ ಹುಡುಗಿ. ಅದಕ್ಕೆ ಅವಳು ಹೆದರಲಿಲ್ಲ. ಹೆದರಿದ್ದು ಸರೇಸಿಗೆ.

ಸರೇಸೆಂದರೆ ಎಲುಬು, ತೊಗಲು ಕುದಿಸಿ ತೆಗೆದ ಅಂಟು; ನೋಡಲು ಬೆಲ್ಲದ ಚೂರಿನಂತೆ. ಅದನ್ನು ನೀರಿನಲ್ಲಿ ಕಾಯಿಸಿ ಬಣ್ಣದ ಪುಡಿಗೆ ಕಲಸುತ್ತಾರೆ. ಮುಂಬಯಿ ಸರಕಾರದ ಪರೀಕ್ಷೆಗೆ ಕಳಿಸಬೇಕಾದ ಜಾಹೀರಾತು ಫಲಕವನ್ನು ರಾಜಮತಿ ಮೊದಲು ಜಾಲಿ ಅಂಟಿನಲ್ಲೇ ಬರೆದಳು. ಒಣಗಿದ ಕೆಂಪು ಬಣ್ಣ ಹಪ್ಪಳದಂತೆ ಎದ್ದು ಉದುರಿತು.

"ಬಾಯಿ, ಇದು ಮುಂಬಯಿ ಮುಟ್ಟೂದ್ರಾಗ ಬರೇ ಹಲಗಿ ಉಳಿತೈತಿ" ಎಂದರು ಮಾಸ್ತರರು. "ಸರೇಸ್ ಹಾಕು, ಇಲ್ಲಾ ಪರೀಕ್ಷಾ ಬಿಡು."

ಅತ್ತೆ ಮಾಣಿಕಬಾಯಿಯದು ಕತ್ತಲಾದರೆ ಊಟವಿಲ್ಲದ, ಸೋಸದೆ ನೀರು ಕುಡಿಯದ, ಗೆಣಸು ಕೂಡ ಹೊಸ್ತಿಲು ದಾಟದ ಜೈನ ಮನೆ. ಆಕೆ ಬಸದಿಗೆ ಹೋದ ಹೊತ್ತಿನಲ್ಲಿ ರಾಜಮತಿ ಬಚ್ಚಲ ಒಲೆಯ ಮೇಲೆ ತಗಡಿನ ಡಬ್ಬಿ ಇಡುತ್ತಿದ್ದಳು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಮೊದಲು ನೋಡುವಳು. ಕಟ್ಟಿಗೆ ಚಟ್ ಎಂದರೂ ಎದ್ದು ಬಾಗಿಲಿಗೆ ಹೋಗಿ ಇಣುಕುವಳು. ಆಮೇಲೆ ಬೇವಿನ ಸೊಪ್ಪು ಸುಡುವಳು, ಬೂದಿಯಿಂದ ಕೈ ತಿಕ್ಕುವಳು. "ಯಾಕ ರಾಜೀ, ರೊಟ್ಟಿ ಇಳೀವಲ್ದೇನು?" ಎಂದು ಅತ್ತೆ ಕೇಳಿದರೆ ದೊಡ್ಡ ತುತ್ತು ಮುರಿದು ಬಾಯಿಗಿಡುವಳು. ಪಾಪದ ಭಯ ಇತ್ತು. ಶಾಲೆ ಬಿಡಿಸುತ್ತಾರೆಂಬ ಭಯ ಅದಕ್ಕಿಂತ ದೊಡ್ಡದಿತ್ತು.

ಒಂದು ಬೆಳಿಗ್ಗೆ ಅಕ್ಷತೆಯ ಬಟ್ಟಲು ಮರೆತ ಮಾಣಿಕಬಾಯಿ ಅರ್ಧ ದಾರಿಯಿಂದ ತಿರುಗಿ ಬಂದಳು.

ಮರುದಿನ ಬಾಳಗೊಂಡ ಬಂದು ಇಳಿದ. ಮಾಣಿಕಬಾಯಿ ಡಬ್ಬಿಯನ್ನು ಕೋಲಿನಿಂದ ಅವನತ್ತ ಸರಿಸಿದಳು. "ನಮ್ಮ ಮನಿತನದಾಗ ಇಂಥಾ ನಾತ ಎಂದಾದ್ರೂ ಬಂದಿತ್ತೇನೋ ತಮ್ಮಾ?"

ಬಾಳಗೊಂಡ ಬಗ್ಗಿ ಮೂಸಿ ರಾಜಮತಿಯ ಕಡೆ ತಿರುಗಿದ. "ಎಲುಬಿಂದು ಅಂತ ಗೊತ್ತಿತ್ತೇನು ನಿನಗ?"

"ಗೊತ್ತಿತ್ರಿ ಕಾಕಾ."

"ಗೊತ್ತಿದ್ದೂ ಮಾಡಿದಿ?"

ರಾಜಮತಿ ತಲೆ ಎತ್ತಿದಳು. ಈ ನಾತದ ಅಣ್ಣತಮ್ಮನಂಥ ನಾತವೊಂದು ಕಾಕಾನ ಧೋತರದಲ್ಲೇ ಇತ್ತು. ದೀಪಾವಳಿ ರಜೆಯಲ್ಲಿ ಅವನ ಹಿತ್ತಲಿನ ಗಂಜಿಮನೆಯಲ್ಲಿ ಚರಬಿಯ ಡಬ್ಬಿಗಳು ಇಳಿಯುವುದನ್ನು ಅವಳು ಕಂಡಿದ್ದಳು.

"ಕಾಕಾ, ನಿಮ್ಮ ಗಂಜಿ ಮನ್ಯಾಗೂ..."

ಬಾಳಗೊಂಡನ ಮುಖ ಬಿಳಿಚಿತು. "ಗಂಟ ಕಟ್ಟು" ಎಂದ. "ಕಲ್ತದ್ದ ಸಾಕು."

"ಏನಂದ್ಲೋ?" ಎಂದಳು ಅಕ್ಕ.

"ಏನಿಲ್ಲಕ್ಕಾ. ಹುಡುಗಿ ಹೆದರ್ಯಾಳ."

ಅವಳೀಗ ಇಚಲಕರಂಜಿಯಲ್ಲಿ, ಅದೇ ಗಂಜಿಮನೆಯ ಮೇಲಿನ ಅಟ್ಟದಲ್ಲಿ, ಚೌಕಳಿ ಕಾಗದದ ಮೇಲೆ ಕಾಕಾನಿಗೆ ಅಂಚು ಬರೆಯುತ್ತಾಳೆ. ಹಲಗೆಯ ಸಂದಿನಿಂದ ನಾತ ಮೇಲೇರುತ್ತದೆ. ಏಣಿಯ ಮೇಲೆ ಹೆಜ್ಜೆ ಕೇಳಿದರೆ, ಬಚ್ಚಿಡಲು ಏನೂ ಇಲ್ಲದಿದ್ದರೂ, ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಫಲಕ ಕೊಲ್ಹಾಪುರದಲ್ಲಿ ಅರ್ಧ ಕೆಂಪಾಗಿ ನಿಂತಿದೆ.

ಪರೀಕ್ಷೆ ಬರುವ ತಿಂಗಳು. ಬಾಳಗೊಂಡನ ಹೊಸ ಸೀರೆ ಉಟ್ಟು ಬಸದಿಗೆ ಹೋಗುವವರೇ, ಅದನ್ನು ತಂದುಕೊಡುವ ಗಂಡಸರೇ, ಈ ಸಲ ಸೆರಗನ್ನು ಮೂಗಿಗೆ ಹಿಡಿದು ನೋಡಿ. ಆಮೇಲೆ ಅವನ ಅಂಗಡಿಯ ಮೆಟ್ಟಿಲು ಹತ್ತಿ, ಗಿರಾಕಿಗಳ ಎದುರಿಗೇ ಕೇಳಿ: ಹುಡುಗಿಯನ್ನು ಕೊಲ್ಹಾಪುರಕ್ಕೆ ಎಂದು ಕಳಿಸುತ್ತೀ? ಉತ್ತರ ಬರುವ ತನಕ ಕೆಳಗಿಳಿಯಬೇಡಿ.