ಕಲ್ಲಿಗೆ ಹಚ್ಚಿದ ಸಲಾಯಿನ್

ವಾಡಿಯ ಕ್ವಾರ್ಟರ್ಸಿನಾಗ ಸಾಲಿ ಅಕ್ಕೋರೊಬ್ಬರ ಮನಿ. ಅಡುಗಿಕಟ್ಟಿಗೆ ಶಹಾಬಾದ ಕಲ್ಲು ಕೂಡಿಸಿ ಸಿಮೆಂಟ್ ಹಾಕಿ ಕೈ ತೊಳ್ಕೊಂಡೆ. ಆಗ ಅಕ್ಕೋರು, "ಇಲ್ಲೊಂದು ಸಿಂಕ್ ಬೇಕಲ್ಲೋ" ಅಂದ್ರು.

ಕಲ್ಲು ಇದ್ದಲ್ಲೇ ಕೊಯ್ಯಬೇಕು. ನನ್ನ ಕಟರಿನ ನೀರಿನ ಪೈಪು ಹರದಿತ್ತು. ಒಣಾ ಕೊಯ್ದ್ರ ಮನಿತುಂಬ ಧೂಳು, ಬಾಜೂ ಖೋಲ್ಯಾಗ ಮಲಗಿದ್ದ ಅವರ ಯಜಮಾನ್ರಿಗೆ ದಮ್ಮು.

"ಧೂಳು ಎದ್ರ ನೀನೂ ಎದ್ದು ನಡಿ, ತಮ್ಮಾ," ಅಂದ್ರು ಅಕ್ಕೋರು.

ಹಂಗ ಬಿಟ್ಟು ಹೋಗಾವ ನಾನಲ್ಲ. ಸೀದಾ ಔಷಧಿ ಅಂಗಡಿಗೆ ಓಡಿದೆ.

"ಒಂದು ಸಲಾಯಿನ್ ಪೈಪು ಕೊಡ್ರಿ."

"ಯಾರಿಗಿ ಆರಾಮಿಲ್ಲ?"

"ಕಲ್ಲಿಗ್ರಿ."

ಅಂಗಡಿಯವ ಮ್ಯಾಲಿಂದ ಕೆಳಗ ನೋಡಿದ. "ಕಾಲೇಜಿಗಿ ಹೋಗೀಯೇನು?"

"ಅರ್ಧಾ ಹೋಗಿ ಬಂದೀನ್ರಿ."

"ಕಾಣಾಕತ್ತದ," ಅಂತ ಪೈಪು ಕೊಟ್ಟ.

ಸೂಜಿ ತಗದು ಒಗದೆ. ನೀರಿನ ಬಾಟ್ಲಿ ಗ್ವಾಡಿ ಮ್ಯಾಲಿನ ಮೊಳಿಗೆ ಜೋತುಬಿಟ್ಟು, ಪೈಪು ಕಟರಿಗಿ ಸಿಗಿಸಿ, ಪೈಪಿನ ಸಣ್ಣ ಚಕ್ರ ತಿರುವಿ ಕಟರ್ ಚಾಲೂ ಮಾಡಿದೆ. ಬ್ಲೇಡಿನ ಮ್ಯಾಲೆ ನೀರು ಹನಿಹನಿ ಬೀಳಾಕತ್ತಿತು. ಧೂಳೆಲ್ಲ ಮಜ್ಜಿಗಿ ಹಂಗ ಕೆಳಗ ಹರೀತು.

ಸಪ್ಪಳಕ್ಕ ಯಜಮಾನ್ರು ಎದ್ದು ಬಂದ್ರು, ಒಂದು ಕೆಮ್ಮೂ ಇಲ್ಲ. ಬಾಟ್ಲಿ ನೋಡಿ, "ದವಾಖಾನ್ಯಾಗ ನನಗ ಹಚ್ಚಿದಾಗ ಇಷ್ಟು ಬರೋಬ್ಬರಿ ಇಳಿದಿದ್ದಿಲ್ಲಲ್ಲೋ!" ಅಂದ್ರು.

"ಕಲ್ಲು ಕೈ ಅಳ್ಳಾಡಸಂಗಿಲ್ಲ ನೋಡ್ರಿ, ಕಾಕಾ."