ಚಾರ್ಮಾಡಿ ಕರಾವಳಿಯಾ, ಘಟ್ಟವಾ?

ಶುಭಕಾರ್ಯ ಮಾಡದ ಆಟಿ ತಿಂಗಳು ಕಳೆದ ಮೇಲೆ ತಂಗಿಯ ನಿಶ್ಚಿತಾರ್ಥವನ್ನು ಮೂಡುಬಿದಿರೆಯ ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದೆವು. ಹುಡುಗನ ಕಡೆಯವರು ಚಾರ್ಮಾಡಿಯವರು. ಆ ದಿನ ಬೆಳಿಗ್ಗೆ, ಅಡುಗೆಯವರು ಒಲೆ ಹಚ್ಚಿದ ಮೇಲೆ, ಹುಡುಗನ ತಾಯಿ ಅಮ್ಮನಿಗೆ ಫೋನ್ ಮಾಡಿದರು.

“ಇವತ್ತು ಬರ್ಲಿಕ್ಕೆ ಆಗುದಿಲ್ಲ ಅಕ್ಕ. ರೆಡ್ ಅಲರ್ಟ್ ಉಂಟಲ್ಲ?”

ನಮ್ಮ ಅಂಗಳದಲ್ಲಿ ಒಳ್ಳೆಯ ಬಿಸಿಲಿತ್ತು. ಅಮ್ಮ ಅದನ್ನೇ ಹೇಳಿದಳು. ಆ ಕಡೆಯಿಂದ “ಹೌದಾ?” ಎಂದರು. ಆ ‘ಹೌದಾ’ ಅಮ್ಮನಿಗೆ ಸರಿ ಕಾಣಲಿಲ್ಲ.

ಮೊಬೈಲಿಗೆ ಬಂದಿದ್ದ ಸೂಚನೆಯನ್ನು ನಾನು ಓದಿ ಹೇಳಿದೆ: ಕರಾವಳಿಗೆ ರೆಡ್ ಅಲರ್ಟ್, ಮಲೆನಾಡಿಗೆ ಯೆಲ್ಲೋ.

“ಚಾರ್ಮಾಡಿಯಲ್ಲಿ ಸಮುದ್ರ ಎಲ್ಲುಂಟು?” ಎಂದರು ಕನ್ಯಾನದಿಂದ ಬಂದಿದ್ದ ಅತ್ತೆ. “ಅದು ಘಟ್ಟದ ಬುಡ. ಅವರಿಗೆ ಯೆಲ್ಲೋ. ಬರಬಹುದಲ್ಲ?”

“ಜಿಲ್ಲೆ ನಮ್ಮದೇ ಅಲ್ವಾ ಅತ್ತೆ? ಜಿಲ್ಲೆ ಇಡೀ ಕರಾವಳಿ ಅಂತ ಲೆಕ್ಕ,” ಎಂದೆ.

“ಹಾಗಾದ್ರೆ ನಮಗೂ ರೆಡ್. ಮಳೆ ಎಲ್ಲಿ ಮಾರಾಯ್ತಿ?”

ಅತ್ತೆಗೆ ಇಂಥ ಸೂಚನೆಗಳ ಮೇಲೆ ಮೊದಲೇ ನಂಬಿಕೆಯಿಲ್ಲ. ಗಡಿಯ ಹತ್ತಿರ ಮನೆ, ಅವರ ಮೊಬೈಲಿಗೆ ಆಗಾಗ ಕೇರಳದ ಎಚ್ಚರಿಕೆ ಮಲಯಾಳದಲ್ಲಿ ಬರುತ್ತದೆ. ಹುಡುಗನ ತಾಯಿಗೆ ಯಾರೋ ಕಿವಿ ಊದಿದ್ದಾರೆ ಎಂದು ಅಮ್ಮ ತೀರ್ಮಾನಿಸಿದಳು. ಹುಡುಗನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಅಲ್ಲಿಗೆ ನನಗೂ ಸಂಶಯ ಬಂತು. ತಂಗಿ ಸೀರೆಯುಟ್ಟು ಕೋಣೆಯಲ್ಲಿ ಕುಳಿತವಳು ಯಾರ ಮುಖವನ್ನೂ ನೋಡಲಿಲ್ಲ.

“ಹೋಗಿ ನೋಡುವ,” ಎಂದರು ಅಪ್ಪ.

ಕಾರು ತೆಗೆದೆ. ವೇಣೂರು ದಾಟಿದರೂ ರಸ್ತೆ ಒಣಗಿಯೇ ಇತ್ತು. ಅಪ್ಪನ ಮುಖ ಗಂಟಿಕ್ಕುತ್ತಾ ಹೋಯಿತು. ಗುರುವಾಯನಕೆರೆಯಲ್ಲಿ ಚಾ ಕುಡಿಯಲು ನಿಲ್ಲಿಸಿದರೆ, ಹೋಟೆಲಿನ ಮೂಲೆಯಲ್ಲಿ ನಮ್ಮ ಹುಡುಗ ಬನ್ಸ್ ತಿನ್ನುತ್ತಿದ್ದಾನೆ!

“ಇಲ್ಲೆಂತ ಮಾಡ್ತೀರಿ?” ಅಪ್ಪನ ಸ್ವರ ಗಡುಸಾಗಿತ್ತು.

ಹುಡುಗ ಎದ್ದು ನಿಂತ. ಅವನ ಬೆಂಚಿನ ಕೆಳಗೆ ರೈನ್‌ಕೋಟಿನಿಂದ ನೀರು ಇಳಿದು ಹೊಂಡವಾಗಿತ್ತು. ಪ್ಯಾಂಟು ಮೊಣಕಾಲಿನವರೆಗೆ ಕೆಸರು. ಅಪ್ಪ ಅದನ್ನು ನೋಡಿದರು, ಹೊರಗಿನ ಒಣ ರಸ್ತೆಯನ್ನೂ ನೋಡಿದರು.

“ಅಮ್ಮ ಕಳಿಸಿದ್ರು,” ಎಂದ ಹುಡುಗ ತಲೆ ತಗ್ಗಿಸಿ. “ಜಿಲ್ಲೆಗೇ ರೆಡ್ ಅಲರ್ಟ್ ಇರುವಾಗ ಅವರಲ್ಲಿ ಬಿಸಿಲು ಹೇಗೆ? ಇಷ್ಟು ಅವಸರ ಮಾಡ್ಲಿಕ್ಕೆ ಏನೋ ಕಾರಣ ಉಂಟು, ನೋಡಿ ಬಾ ಅಂತ. ಇಲ್ಲಿ ಒಣ ರಸ್ತೆ ನೋಡಿ ನಾಚಿಕೆ ಆಯ್ತು, ಹಿಂದೆ ಹೋಗುವ ಅಂದ್ರೆ ರಸ್ತೆಗೆ ಮರ ಬಿದ್ದಿದೆಯಂತೆ. ಮೊಬೈಲು ಒದ್ದೆಯಾಗಿ ಸತ್ತಿದೆ.”

ಅಪ್ಪ ಕುರ್ಚಿ ಎಳೆದು ಕುಳಿತು ಮೂರು ಚಾ ಹೇಳಿದರು.

ಅವನನ್ನು ಮನೆಗೆ ಕರೆತಂದೆವು. ಅತ್ತೆ ಮರದ ಕತೆಯನ್ನು ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಅಮ್ಮ ಬಡಿಸುತ್ತಲೇ ಅವನ ಪ್ಯಾಂಟಿನ ಕೆಸರನ್ನು ಪರೀಕ್ಷಿಸುತ್ತಿದ್ದಳು. ಕೊನೆಗೆ ತಂಗಿಯೇ ಹೊರಗೆ ಬಂದು ಕೇಳಿದಳು, “ಬೇರೆಯವರ ಫೋನಿಂದಾದ್ರೂ ಹೇಳ್ಲಿಕ್ಕೆ ಆಗ್ಲಿಲ್ವಾ?”

“ಹೇಳಿದ್ರೆ ನಂಬ್ತಿದ್ರಾ?”

ಅವಳು ಸ್ವಲ್ಪ ಯೋಚಿಸಿದಳು. “ಇಲ್ಲ,” ಎಂದು, ಅವನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿದಳು.