ಸುಮನಾಳ ಕೊನೆಯ ಹಾಳೆ

ಚೇಳೂರಿನಿಂದ ಗುಬ್ಬಿಯ ಪಿಯು ಕಾಲೇಜಿಗೆ ಓಡಾಡುವ ಸುಮನಾ ಸಂಖ್ಯಾಶಾಸ್ತ್ರ ತೆಗೆದುಕೊಂಡ ಮೇಲೆ ಅವಳ ಮುಂದೆ ಯಾರೂ ಅಂದಾಜಿಗೆ ಮಾತಾಡುವ ಹಾಗಿಲ್ಲ. ಬಸ್ಸು ಲೇಟು ಎಂದು ಗೆಳತಿ ಗೊಣಗಿದರೆ, "ಎಷ್ಟು ಲೇಟು ಅಂತ ಹೇಳೇ! ಸರಾಸರಿ ಹನ್ನೊಂದು ನಿಮಿಷ" ಎಂದು ನೋಟ್‌ಬುಕ್ ಬಿಚ್ಚುತ್ತಾಳೆ. ತೆಂಗಿನ ತೋಟದಲ್ಲಿ ಮರಕ್ಕೆ ನೂರು ಕಾಯಿ ಎಂದು ಅಪ್ಪ ಮೀಸೆ ತಿರುವಿದರೆ, "ಎಷ್ಟು ಮರ ಎಣಿಸ್ದೆ? ಮೂರಾ? ಸ್ಯಾಂಪಲ್ ಸಾಲ್ದು ಬುಡಪ್ಪ" ಎನ್ನುತ್ತಾಳೆ. ಹುಣಸೆಹಣ್ಣನ್ನೂ ಬಿಟ್ಟಿಲ್ಲ, ಬೀಜ ಎಣಿಸಿ ಗ್ರಾಫ್ ಬರೆದಿದ್ದಾಳೆ. ಉಣ್ಣುವವರ ತುತ್ತು ಮಾತ್ರ ಎಣಿಸಬಾರದು, ದೃಷ್ಟಿಯಾಗುತ್ತದೆ ಎಂದು ಅಮ್ಮ ಗದರಿದ್ದಾಳೆ. ಅದಕ್ಕೇ ಅದೊಂದನ್ನು ಕೊನೆಯ ಹಾಳೆಯಲ್ಲಿ ಕದ್ದು ಬರೆಯುತ್ತಾಳೆ: ಅಜ್ಜಿ ಬಸವಲಿಂಗಮ್ಮ ರಾತ್ರಿ ಉಂಡ ಮುದ್ದೆ, ಗೌರಿ ಹಬ್ಬದಲ್ಲಿ ಎರಡು, ದೀಪಾವಳಿಗೆ ಒಂದು, ಸಂಕ್ರಾಂತಿ ಹೊತ್ತಿಗೆ ಅರ್ಧ. ಮೊನ್ನೆ ಊಟಕ್ಕೆ ಕೂತಾಗ ತೆರೆದೇ ಇದ್ದ ಆ ಹಾಳೆಯ ಗ್ರಾಫಿನ ಮೇಲೆ ಅಜ್ಜಿಯೇ ಬೆರಳಿಟ್ಟು, "ಈ ಗೆರೆ ಯಾಕವ್ವ ಹಿಂಗೆ ಇಳೀತಾ ಐತೆ?" ಎಂದು ಕೇಳಿದಳು. ಸುಮನಾ ನೋಟ್‌ಬುಕ್ ಮುಚ್ಚಿದಳು. "ಈಗ್ಲೇ ಏನೂ ಹೇಳಕ್ಕಾಗಲ್ಲ ಅಜ್ಜಿ, ಸ್ಯಾಂಪಲ್ ಸಾಲ್ದು" ಎಂದು ತನ್ನ ಮುದ್ದೆಯಲ್ಲೇ ಒಂದು ಚೂರು ಮುರಿದು ಅಜ್ಜಿಯ ತಟ್ಟೆಗಿಟ್ಟಳು.